ಎಂಟನೇ ತಿಂಗಳಲ್ಲಿ ನಾನು ಊರಿಗೆ ಹೋಗಿರಲಿಲ್ಲ

ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಒಂದು ಬಿ.ಪಿ. ಮಾತ್ರೆ ನುಂಗುತ್ತೇನೆ. ನುಂಗುವಾಗ ಒಂದು ಸಲ ಅತ್ತೆಯನ್ನು ನೆನೆಯುತ್ತೇನೆ. ಅವರು ಪಕ್ಕದ ದೇವರ ಕೋಣೆಯಲ್ಲೇ ಗಂಟೆ ಅಲ್ಲಾಡಿಸುತ್ತ ಇರುವುದರಿಂದ ನೆನಪಿಸಿಕೊಳ್ಳಲು ಕಷ್ಟಪಡಬೇಕಾಗಿಲ್ಲ. ಚೊಚ್ಚಲ ಬಸುರಿನಲ್ಲಿ ಬಿ.ಪಿ. ಏರಿ, ಫಿಟ್ಸ್ ಬಂದು, ಹೆತ್ತ ಮೇಲೆ ಮೂರು ದಿನ ಕಣ್ಣು ಕಾಣದೆ ಮಲಗಿದ್ದವಳು ನಾನು. ಆ ಕಾಯಿಲೆ ಹೋದ ಹಾಗೆ ಮಾಡಿ ಅರ್ಧ ಉಳಿದುಕೊಂಡಿತು. ಇದನ್ನು ಬರೆಯುವುದಕ್ಕೆ ಎರಡು ಕಾರಣಗಳಿವೆ. ಎಲ್ಲೋ ಒಬ್ಬ ಬಸುರಿ ತಲೆನೋವೆಂದು ಹಣೆಗೆ ಗಂಧ ಹಚ್ಚಿಕೊಂಡು ಮಲಗಿದ್ದರೆ, ಇದನ್ನು ಓದಿ ಎದ್ದು ಆಸ್ಪತ್ರೆಗೆ ಹೋಗಲಿ ಎಂಬುದು ಒಂದು. ಇನ್ನೊಂದು ಸೇಡು. ಎರಡರಲ್ಲಿ ಯಾವುದು ದೊಡ್ಡದು ಎಂದು ದಯವಿಟ್ಟು ಕೇಳಬೇಡಿ.

ನಾನು ಉಡುಪಿ ಕಡೆಯವಳು. ೧೯೯೯ರಲ್ಲಿ ಮದುವೆಯಾಗಿ ಚೆನ್ನೈಗೆ ಬಂದೆ. ಮಾವನವರದು ಎಗ್ಮೋರ್ ಸ್ಟೇಷನ್ನಿನ ಹತ್ತಿರ ಚಿಕ್ಕದೊಂದು ಸಸ್ಯಾಹಾರಿ ಹೋಟೆಲು, ಅದರ ಹಿಂದಿನ ಗಲ್ಲಿಯಲ್ಲಿ ಮನೆ. ಗಂಡ ಸುಧಾಕರನಿಗೆ ಹೋಟೆಲು ಬೇಡವಾಗಿ ಮಣಲಿಯ ಒಂದು ಕಾರ್ಖಾನೆಯ ಆಫೀಸು ಸೇರಿದ್ದ. ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನಾದಿನಿ ವಿದ್ಯಾ ಆಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮಾವನವರು ಮಧ್ಯಾಹ್ನ ಊಟಕ್ಕೆ ಬಂದು ಹೋದರೆ ಉಳಿದ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಅತ್ತೆ ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಕೆಟ್ಟವರಲ್ಲ. ನನಗೆ ಬಯಕೆಯಾದಾಗ ಪತ್ರೊಡೆಗೆಂದು ಕೆಸುವಿನ ಎಲೆ ಹುಡುಕಿಕೊಂಡು ಮಾರ್ಕೆಟ್ಟೆಲ್ಲ ಸುತ್ತಿದವರು ಅವರೇ. ಆ ಪತ್ರೊಡೆಯನ್ನು ನಾನು ಮರೆತಿಲ್ಲ. ಮರೆತಿಲ್ಲವಾದ್ದರಿಂದಲೇ ಮುಂದಿನದನ್ನು ನೆನೆದರೆ ಮೈ ಇನ್ನಷ್ಟು ಉರಿಯುತ್ತದೆ.

ಐದನೇ ತಿಂಗಳಲ್ಲಿ ಆಸ್ಪತ್ರೆಯ ಗೋಡೆಯ ಮೇಲೆ ಒಂದು ನೋಟೀಸು ನೋಡಿದೆ. ಅಡ್ಯಾರಿನಲ್ಲಿ ಬಸುರಿಯರಿಗಾಗಿ ಶನಿವಾರ ಬೆಳಿಗ್ಗೆ ಕ್ಲಾಸು. ನಡೆಸುವವರು ಸ್ಟೆಲ್ಲಾ ಸಿಸ್ಟರ್, ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸ್. ಹೋಗುತ್ತೇನೆ ಎಂದಾಗ ಅತ್ತೆ ಕಡಲೆಬೇಳೆ ಆರಿಸುತ್ತಿದ್ದವರು ತಲೆ ಎತ್ತಿ, "ಹೆರ್ಲಿಕ್ಕೂ ಟ್ಯೂಷನ್ ಉಂಟಾ ಮಾರಾಯ್ತಿ?" ಎಂದು ನಕ್ಕರು. ನನಗೂ ನಗು ಬಂತು. ಮಾವನವರು ಅದನ್ನು ಹೋಟೆಲಿನಲ್ಲಿ ದಿನವೂ ಬರುವ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದರಂತೆ. ಆದರೂ ಯಾರೂ ಬೇಡವೆನ್ನಲಿಲ್ಲ, ಹೋದೆ.

ಸಿಸ್ಟರ್ ಮನೆಯ ಮಹಡಿಯ ಹಾಲಿನಲ್ಲಿ ಗೋಡೆಗುಂಟ ಒಂಬತ್ತು ಚಾಪೆ ಹಾಸಿರುತ್ತಿದ್ದರು. ಒಂಬತ್ತು ಹೊಟ್ಟೆಗಳು ಸಾಲಾಗಿ ಕೂತು ಉಸಿರು ಎಳೆದು ಬಿಡುವುದನ್ನು ಕಲಿಯುತ್ತಿದ್ದವು. ಬಟ್ಟೆಯ ಗೊಂಬೆಗೆ ಸ್ನಾನ ಮಾಡಿಸುತ್ತಿದ್ದೆವು. ನಾನು ಎರಡು ಸಲ ಗೊಂಬೆಯನ್ನು ಬಕೆಟ್ಟಿಗೆ ಬೀಳಿಸಿದೆ. ಸಿಸ್ಟರ್ ತಮಿಳಿನಲ್ಲೇ ಪಾಠ ಹೇಳುತ್ತಿದ್ದರು, ನಗಿಸುತ್ತಲೂ ಇದ್ದರು. ಆದರೆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ಇರಲಿಲ್ಲ. ಕ್ಲಾಸು ಶುರುವಾಗುವ ಮೊದಲು ಎಲ್ಲರೂ ಬೆರಳಿನ ಉಂಗುರ ತೆಗೆದು, ಅವರಿಗೆ ತೋರಿಸಿ, ಮತ್ತೆ ಹಾಕಿಕೊಳ್ಳಬೇಕು. ಯಾರ ಉಂಗುರ ಬಿಗಿಯಾಯಿತೋ ಅವರು ಪಕ್ಕಕ್ಕೆ ಕೂತು ಬಿ.ಪಿ. ನೋಡಿಸಿಕೊಳ್ಳಬೇಕು. ಕೈ ಮುಖ ಊದುವುದು, ಬಿಡದ ತಲೆನೋವು, ಕಣ್ಣೆದುರು ಮಿಂಚು, ಪಕ್ಕೆಲುಬಿನ ಕೆಳಗೆ ನೋವು. ಈ ನಾಲ್ಕನ್ನು ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದರು. ಒಂದು ದಿನ ಮನೆಗೆ ಬಂದು ಅತ್ತೆಯೆದುರು ಆ ಮಗ್ಗಿ ಒಪ್ಪಿಸಿದೆ. ಅವರು ಕಿವಿ ಮುಚ್ಚಿಕೊಂಡರು. ಹೊಟ್ಟೆಯಲ್ಲಿ ಮಗು ಇರುವಾಗ ಅಂಥ ಮಾತು ಬಾಯಲ್ಲಿ ಬರಬಾರದು, ಒಳಗಿನದಕ್ಕೆ ಕೇಳಿಸುತ್ತದೆ ಎಂದರು.

ಚೊಚ್ಚಲ ಹೆರಿಗೆ ತವರಿನಲ್ಲಿ. ಅದರಲ್ಲಿ ಯಾರದೂ ತಕರಾರಿರಲಿಲ್ಲ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ನನ್ನನ್ನು ಕಳಿಸಿಕೊಡುವುದು ಎಂದಿತ್ತು. ಆ ತಿಂಗಳ ಮೊದಲಿಗೇ ಇಲ್ಲಿನ ಡಾಕ್ಟರು ಉಡುಪಿಯ ಡಾಕ್ಟರಿಗೆ ಒಂದು ಪತ್ರ ಬರೆದು, ನನ್ನ ಫೈಲನ್ನು ಕೈಗೆ ಕೊಟ್ಟು, ಬೇಗ ಹೊರಡಮ್ಮಾ ಎಂದರು. ಇಲ್ಲಿನ ಆಸ್ಪತ್ರೆಗೆ ಅಂದಿನಿಂದ ನಾನು ಮುಗಿದ ಲೆಕ್ಕ. ಅಷ್ಟರಲ್ಲಿ ಊರಿನಲ್ಲಿ ಮಾವನ ತಮ್ಮ ತೀರಿಕೊಂಡರು. ಸೂತಕ ಕಳೆಯಬೇಕು, ಆಮೇಲೆ ಒಳ್ಳೆಯ ದಿನ ಸಿಗಬೇಕು. ಕೊನೆಗೆ ಸೀಮಂತವಾಗಿ ಕೈತುಂಬ ಬಳೆ ತೊಡಿಸುವ ಹೊತ್ತಿಗೆ ಏಳು ಮುಗಿಯಲು ಎರಡೇ ದಿನ ಉಳಿದಿತ್ತು. ಆ ಎರಡು ದಿನದೊಳಗೆ ರೈಲಿನಲ್ಲಿ ಜಾಗ ಸಿಗಲಿಲ್ಲ, ಎಂಟು ಬಿತ್ತು.

ಎಂಟರಲ್ಲಿ ಬಸುರಿ ಪ್ರಯಾಣ ಮಾಡಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಅತ್ತೆಯದು ಅದಕ್ಕಿಂತ ಒಂದು ಕೈ ಮೇಲೆ. "ಎಂಟರಲ್ಲಿ ಹೊಸಿಲೇ ದಾಟ್ಲಿಕ್ಕಿಲ್ಲ. ಒಂಬತ್ತು ಬೀಳ್ಲಿ, ಮರುದಿನವೇ ಕಳಿಸ್ತೇನೆ," ಎಂದರು. ಹೀಗಾಗಿ ಚೆನ್ನೈನ ಡಾಕ್ಟರು ನಾನು ಉಡುಪಿಯಲ್ಲಿದ್ದೇನೆ ಎಂದುಕೊಂಡಿದ್ದರು. ಉಡುಪಿಯ ಡಾಕ್ಟರು ಒಂಬತ್ತನೇ ತಿಂಗಳಿಗೆ ಬರುತ್ತಾಳೆ ಎಂದುಕೊಂಡಿದ್ದರು. ಫೈಲು ಬೀರುವಿನಲ್ಲಿತ್ತು, ನಾನು ಹೊಸಿಲಿನ ಒಳಗಿದ್ದೆ. ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುವವರು ಇಡೀ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಮೊದಲ ವಾರ ಕಾಲು ಊದಿತು. ಕಾಲು ಎಲ್ಲರಿಗೂ ಊದುತ್ತದೆ ಎಂದು ನಾನೇ ಸುಮ್ಮನಿದ್ದೆ. ಎರಡನೇ ವಾರ ಉಂಗುರ ಬರಲಿಲ್ಲ. ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ, ಬರಲಿಲ್ಲ. ಸೀಮಂತದ ಬಳೆಗಳು ಮುಂಗೈಗೆ ಕಚ್ಚಿಕೊಂಡು ಕೂತಿದ್ದವು. ಅತ್ತೆಗೆ ತೋರಿಸಿದೆ. ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ ಸಂತೋಷಪಟ್ಟರು. ಈ ಮನೆಗೆ ಬಂದಾಗ ಕಡ್ಡಿಯ ಹಾಗಿದ್ದವಳು, ಈಗ ಕೈ ತುಂಬಿಕೊಂಡಿದೆ, ತಾಯಿಯಾಗುವ ಕಳೆ ಎಂದರು. ಬಾರ್ಲಿ ನೀರು ಕಾಯಿಸಿಕೊಟ್ಟರು. ತಲೆನೋವು ಶುರುವಾದಾಗ ಶುಂಠಿ ತೇಯ್ದು ಹಣೆಗೆ ಹಚ್ಚಿದರು. ಒಮ್ಮೆ ಬಿ.ಪಿ. ನೋಡಿಸೋಣ ಎಂದು ನಾನು ಕೇಳಿದ್ದು ಮೂರು ಸಲ. ಮೂರು ಸಲವೂ ಅವರ ಉತ್ತರ ಎಂಟು. ಅಷ್ಟಿದ್ದರೆ ಡಾಕ್ಟರನ್ನೇ ಮನೆಗೆ ಕರೆಸೋಣ ಎಂದರೆ, ಹೆದರುವುದು ಮಗುವಿಗೆ ಒಳ್ಳೆಯದಲ್ಲ ಎಂಬ ಉಪದೇಶ.

ಸುಧಾಕರನಿಗೂ ಹೇಳಿದೆ. ಅವನು ಬೂಟು ಬಿಚ್ಚುತ್ತ, ಅಮ್ಮ ಇಬ್ಬರನ್ನು ಹೆತ್ತವರು, ಅವರಿಗೆ ಗೊತ್ತಿರುವುದಿಲ್ಲವೇ ಎಂದ. ಇನ್ನು ಹದಿನೈದೇ ದಿನ, ಅಡ್ಜಸ್ಟ್ ಮಾಡಿಕೋ ಎಂದ. ನನ್ನ ಗಂಡ ಒಳ್ಳೆಯವನು. ನಮ್ಮ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ ನೋಡಿ, ಅದೇ ತೊಂದರೆ.

ಆ ಶನಿವಾರ ಹನ್ನೊಂದು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಫೋನು ಬಡಿಯಿತು. ನಾನು ಕೋಣೆಯಲ್ಲಿ ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೆ. ಬಾಗಿಲು ತೆರೆದೇ ಇತ್ತು. ಅತ್ತೆ ಎತ್ತಿದರು. ಅವರ ತಮಿಳು ಹೋಟೆಲಿನ ತಮಿಳು, ಗಟ್ಟಿ ಧ್ವನಿಯದು, ಒಂದೊಂದು ಮಾತೂ ಕೇಳುತ್ತದೆ. ಮೊದಲು "ಯಾರು?" ಎಂದರು, ಆಮೇಲೆ "ಸಿಸ್ಟರಾ" ಎಂದರು. ನಾನು ಬಟ್ಟೆ ತೆಗೆದು ಎದ್ದು ಕೂತೆ. ಎರಡು ಶನಿವಾರ ಬರಲಿಲ್ಲವೆಂದು ಸಿಸ್ಟರ್ ನನ್ನನ್ನು ಹುಡುಕಿಕೊಂಡು ಫೋನು ಮಾಡಿದ್ದರು. ಅತ್ತೆ ಹೇಳಿದರು:

"ಊರುಕ್ಕು ಪೋಯಾಚ್ಚು, ಸಿಸ್ಟರ್."

ಊರಿಗೆ ಹೋಗಿಯಾಯಿತಂತೆ. ಅತ್ತ ಕಡೆಯಿಂದ ಏನೋ ಕೇಳಿದರು. "ಇಲ್ಲೈ ಇಲ್ಲೈ, ನಲ್ಲಾ ಇರುಕ್ಕಾ," ಎಂದರು ಅತ್ತೆ. ಚೆನ್ನಾಗಿದ್ದಾಳಂತೆ. ಫೋನು ಇಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಗ್ಗರಣೆ ಸಿಡಿಯುವ ಸದ್ದು ಬಂತು.

ನಾನು ಕೂಗಬಹುದಿತ್ತು. ಇಲ್ಲೇ ಇದ್ದೇನೆ ಸಿಸ್ಟರ್ ಎಂದು ಒಂದು ಕೂಗು ಹಾಕಿದ್ದರೆ ಆ ಫೋನಿನಲ್ಲಿ ಕೇಳುತ್ತಿತ್ತು. ಯಾಕೆ ಕೂಗಲಿಲ್ಲ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಮದುವೆಯಾಗಿ ಎರಡು ವರ್ಷವಾದ ಸೊಸೆ ಅತ್ತೆಯನ್ನು ಅವರ ಮನೆಯಲ್ಲೇ ಸುಳ್ಳುಗಾರ್ತಿ ಎಂದು ಕೂಗುವುದು ಹೇಗೆ? ನನಗೆ ನಾಚಿಕೆಯಾಗಿತ್ತು. ಸುಳ್ಳು ಹೇಳಿದವರು ಅವರು, ನಾಚಿಕೆಯಾದದ್ದು ನನಗೆ. ಊಟಕ್ಕೆ ಕೂತಾಗ ಫೋನು ಯಾರದು ಎಂದು ಕೇಳಿದೆ. ಅತ್ತೆ ಅನ್ನಕ್ಕೆ ತುಪ್ಪ ಹಾಕುತ್ತ, ಯಾವುದೋ ರಾಂಗ್ ನಂಬರ್ ಎಂದರು.

ಮೂರು ದಿನ ಬಿಟ್ಟು ಮಂಗಳವಾರ ಮಧ್ಯಾಹ್ನ ಹಿತ್ತಿಲಿನ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದೆ. ಬಿಳಿ ಪಂಚೆಯ ಮೇಲೆ ಬೆಳ್ಳಿಯ ಬಣ್ಣದ ಗೆರೆಗಳು ಹರಿದಾಡಿದವು. ಪಂಚೆಗೆ ಏನಾಯಿತು ಎಂದುಕೊಂಡೆ. ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಇಟ್ಟು ಒತ್ತಿದ ಹಾಗಾಯಿತು. ಸಿಸ್ಟರ್ ಹೇಳಿಸಿದ ಮಗ್ಗಿಯ ನಾಲ್ಕನೆಯದು ಎಂದು ತಲೆಯಲ್ಲಿ ಬಂದದ್ದು ನೆನಪಿದೆ. ಆಮೇಲೆ ಏನೂ ನೆನಪಿಲ್ಲ.

ಉಳಿದದ್ದನ್ನು ಹೇಳಿದವರು ನಮ್ಮ ಮಹಡಿಯ ಮೇಲಿದ್ದ ಅಯ್ಯಂಗಾರ್ ಮಾಮಿ. ಬಿದ್ದ ಸದ್ದು ಕೇಳಿ ಇಳಿದು ಬಂದವರು ಅವರು, ಆಟೋ ಕರೆಸಿದವರೂ ಅವರೇ. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿಕೊಳ್ಳದಿರಲಿ ಎಂದು ಹಲ್ಲುಗಳ ನಡುವೆ ತಮ್ಮ ಬೆರಳಿಟ್ಟರಂತೆ. ಹಾಗೆ ಮಾಡಬಾರದಂತೆ, ಅವರಿಗೆ ಗೊತ್ತಿರಲಿಲ್ಲ. ಬೆರಳು ಮೂಳೆಯವರೆಗೆ ಸೀಳಿತು, ಹೊಲಿಗೆ ಬಿತ್ತು. ಕಚ್ಚಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆ ಹೊತ್ತಿನಲ್ಲಿ ನನಗೆ ಎಚ್ಚರವಿರಲಿಲ್ಲವಲ್ಲ ಎಂಬುದೊಂದೇ ಬೇಸರ.

ಎಚ್ಚರವಾದಾಗ ಕತ್ತಲೆ. ಕಣ್ಣಿಗೆ ಏನೋ ಕಟ್ಟಿದ್ದಾರೆ ಎಂದುಕೊಂಡು ಮುಟ್ಟಿ ನೋಡಿಕೊಂಡೆ, ಏನೂ ಇರಲಿಲ್ಲ. ರೆಪ್ಪೆ ತೆರೆದೇ ಇತ್ತು. ಹೊಟ್ಟೆ ಮುಟ್ಟಿದೆ, ಅದೂ ಇರಲಿಲ್ಲ. ಮಗು ಎಲ್ಲಿ ಎಂದು ಕೇಳಲು ಬಾಯಿ ತೆರೆದರೆ ಗಂಟಲಿನಿಂದ ಗಾಳಿ ಮಾತ್ರ ಬಂತು. ಯಾರೋ ಒಬ್ಬ ಡಾಕ್ಟರಮ್ಮ ಹತ್ತಿರ ಬಗ್ಗಿ, ಆಪರೇಷನ್ ಮಾಡಿ ತೆಗೆದೆವು, ಹೆಣ್ಣು ಮಗು, ಬದುಕಿದೆ, ಗಾಜಿನ ಪೆಟ್ಟಿಗೆಯಲ್ಲಿದೆ ಎಂದರು. ಕಣ್ಣು ವಾಪಸು ಬರುತ್ತದೆ, ಸಾಮಾನ್ಯವಾಗಿ ಬರುತ್ತದೆ ಎಂದರು. ಆ 'ಸಾಮಾನ್ಯವಾಗಿ' ಎಂಬ ಪದವನ್ನು ಹಿಡಿದುಕೊಂಡು ನಾನು ಮೂರು ದಿನ ಕಳೆದೆ. ಫಿಟ್ಸ್ ಮತ್ತೆ ಬರದಿರಲೆಂದು ಕೊಡುತ್ತಿದ್ದ ಇಂಜೆಕ್ಷನ್ನಿಗೆ ಮೈಯೊಳಗೆಲ್ಲ ಬಿಸಿನೀರು ಹರಿದ ಹಾಗಾಗುತ್ತಿತ್ತು. ಕೊನೆಯ ಸಲ ಬಿ.ಪಿ. ನೋಡಿದ್ದು ಯಾವಾಗ ಎಂದು ಡಾಕ್ಟರಮ್ಮ ಯಾರನ್ನೋ ಕೇಳಿದರು. ನನ್ನ ಮಂಚದ ಸುತ್ತಲಿನ ಚಪ್ಪಲಿಗಳ ಸದ್ದು ಬಾಗಿಲ ಕಡೆಗೆ ಸರಿಯಿತು.

ಆ ವಾರ್ಡಿನಲ್ಲಿ ಮುನಿಯಮ್ಮ ಎಂಬ ಆಯಾ ಇದ್ದರು. ನನ್ನ ಮಗುವನ್ನು ನನಗೆ ಮೊದಲು ತೋರಿಸಿದವರು ಅವರು. ಕಣ್ಣು ಕಾಣದವಳಿಗೆ ಹೇಗೆ ತೋರಿಸಿದರು ಎಂದರೆ, ಹೇಳಿ ತೋರಿಸಿದರು. ದಿನಕ್ಕೆ ಎರಡು ಸಲ ಗಾಜಿನ ಪೆಟ್ಟಿಗೆಯ ಕೋಣೆಗೆ ಹೋಗಿ ಬಂದು, ಮಂಚದ ಪಕ್ಕ ನಿಂತು, ಇವತ್ತು ಬಲಗೈ ಬಾಯಿಗೆ ಹಾಕಿಕೊಂಡಿದ್ದಾಳೆ, ಉಗುರು ಅಕ್ಕಿಯ ನುಚ್ಚಿನಷ್ಟಿದೆ, ಕಿವಿಯ ಮೇಲೆ ರೋಮವಿದೆ ಎಂದು ವರದಿ ಒಪ್ಪಿಸುತ್ತಿದ್ದರು. ನನ್ನ ಅಂಗೈಯಲ್ಲಿ ಬೆರಳಿನಿಂದ ಗೆರೆ ಎಳೆದು ಇಷ್ಟುದ್ದ ಪಾದ ಎಂದು ತೋರಿಸಿದರು. ಯಾರೂ ಅವರಿಗೆ ಆ ಕೆಲಸ ಹೇಳಿರಲಿಲ್ಲ. ಈ ಕಥೆಯಲ್ಲಿ ನಾನು ಯಾರಿಗಾದರೂ ಕೈಮುಗಿಯುವುದಿದ್ದರೆ ಅದು ಆ ಮುನಿಯಮ್ಮನಿಗೆ.

ಕಣ್ಣು ಕಾಣದಿದ್ದರೂ ಕಿವಿ ಕೇಳುತ್ತದೆ ಎಂಬುದನ್ನು ನಮ್ಮವರು ಮರೆತಿದ್ದರು. ಎರಡನೇ ದಿನ ನೋಡಲು ನೆಂಟರು ಬಂದಿದ್ದರು. ಪರದೆಯ ಆಚೆ ಅತ್ತೆ ಅವರಿಗೆ ನಡೆದದ್ದನ್ನು ಹೇಳುತ್ತಿದ್ದರು. ಆ ಅಡ್ಯಾರಿನ ಕ್ಲಾಸಿಗೆ ಹೋಗಿ ಇಲ್ಲದ್ದೆಲ್ಲ ಕೇಳಿ ಹೆದರಿಕೊಂಡೆನಂತೆ ನಾನು. ಹೆದರಿಕೆಯಿಂದಲೇ ಬಿ.ಪಿ. ಏರಿತಂತೆ. ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಆಮೇಲೆ ಪಟ್ಟಿ ಕಟ್ಟಿದ ಬೆರಳನ್ನು ತೋರಿಸಿರಬೇಕು, ನೆಂಟರು ಅಯ್ಯೋ ಎಂದು ಲೊಚಗುಟ್ಟಿದ್ದು ಕೇಳಿಸಿತು. ನಾನು ಕತ್ತಲೆಯಲ್ಲಿ ಮಲಗಿ ಹಲ್ಲು ಕಚ್ಚಿಕೊಂಡೆ. ಆ ಫೋನಿನ ಮಾತನ್ನು ಇವರ ಬಾಯಿಂದಲೇ ಹೊರಡಿಸದೆ ಬಿಡುವುದಿಲ್ಲ ಎಂದು ನಿರ್ಧರಿಸಿದ್ದು ಆಗಲೇ.

ಮೂರನೇ ದಿನ ಸಂಜೆ ಮೊದಲು ಟ್ಯೂಬ್‌ಲೈಟು ಕಂಡಿತು. ಆಮೇಲೆ ಊರಿನಿಂದ ಬಂದ ನನ್ನ ಅಮ್ಮನ ಮೂಗುಬೊಟ್ಟು. ಐದನೇ ದಿನ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ಮಗಳನ್ನು ತೋರಿಸಿದರು. ಮುನಿಯಮ್ಮ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಎಲ್ಲರೂ ನೋಡಿ ಮುಗಿಸಿದ ಮೇಲೆ ಕೊನೆಯದಾಗಿ ನೋಡಿದವಳು ತಾಯಿ. ಇದನ್ನೂ ಬರೆದಿಟ್ಟುಕೊಳ್ಳಿ ಎಂದು ಮನಸ್ಸಿನಲ್ಲೇ ಅತ್ತೆಗೆ ಹೇಳಿದೆ. ಮೂರು ವಾರ ಪೆಟ್ಟಿಗೆಯಲ್ಲಿದ್ದು ಮಗಳು ಮನೆಗೆ ಬಂದಳು. ನನ್ನ ಬಿ.ಪಿ. ಇಳಿಯಲೇ ಇಲ್ಲ. ಇನ್ನೊಂದು ಬಸುರು ಬೇಡ ಎಂದರು ಡಾಕ್ಟರಮ್ಮ.

ಸುಧಾಕರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಅತ್ತಿದ್ದ. ತಪ್ಪಾಯಿತು ಎಂದಿದ್ದ. ಮನೆಗೆ ಬಂದ ಮೇಲೆ ಫೋನಿನ ವಿಷಯ ಹೇಳಿದೆ. ಅವನು, "ಅಮ್ಮ ಹಾಗೆ ಹೇಳಿರ್ಲಿಕ್ಕಿಲ್ಲ. ನಿಂಗೆ ಆಗ ತಲೆ ಸರಿ ಇರ್ಲಿಲ್ಲ ಅಲ್ವಾ," ಎಂದ. ಅಲ್ಲಿಂದ ಮುಂದೆ ಅವನಿಗೆ ಏನೂ ಹೇಳಲಿಲ್ಲ. ಮಗಳಿಗೆ ಐದು ತಿಂಗಳಾದಾಗ ಅವಳನ್ನು ಎತ್ತಿಕೊಂಡು ಸಿಸ್ಟರ್ ಮನೆಗೆ ಹೋದೆ. ಆ ಶನಿವಾರದ ಫೋನಿನ ಬಗ್ಗೆ ಕೇಳಿದಾಗ ಅವರು ಹಾಜರಿ ಪುಸ್ತಕ ತೆಗೆದರು. ನನ್ನ ಹೆಸರಿನ ಮುಂದೆ ಆ ಶನಿವಾರದ ಚೌಕದಲ್ಲಿ, ಊರಿಗೆ ಹೋಗಿದ್ದಾರೆ, ಅತ್ತೆ ಹೇಳಿದರು ಎಂದು ಸಿಸ್ಟರೇ ಬರೆದಿಟ್ಟಿದ್ದರು. ಅದನ್ನು ನೋಡಿ ಅಲ್ಲೇ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ. ತಲೆ ಸರಿಯಿತ್ತು ನನಗೆ. ಸಿಸ್ಟರೂ ಅತ್ತರು. ಮನೆಗೇ ಬಂದು ನೋಡಬೇಕಿತ್ತು ಎಂದು ಅವರ ಸಂಕಟ.

ಅಂದಿನಿಂದ ನಾನು ಶನಿವಾರಗಳಂದು ಸಿಸ್ಟರಿಗೆ ಸಹಾಯಕ್ಕೆ ನಿಂತೆ. ಚಾಪೆ ಹಾಸುವುದು, ಉಂಗುರ ನೋಡುವುದು, ತಮಿಳು ಬಾರದ ಕನ್ನಡದ ಹುಡುಗಿಯರಿಗೆ ಬಿಡಿಸಿ ಹೇಳುವುದು. ವರ್ಷ ಕಳೆಯುವಷ್ಟರಲ್ಲಿ ಎಂಟನೇ ತಿಂಗಳ ಪಾಠ ನನ್ನದಾಯಿತು. ಪಾಠವೆಂದರೆ ಅತ್ತೆಯ ಕಥೆ. ಬಳೆ, ಬಾರ್ಲಿ ನೀರು, ಫೋನು, ರಾಂಗ್ ನಂಬರ್, ಎಲ್ಲವನ್ನೂ ಬಿಡದೆ ಹೇಳುತ್ತಿದ್ದೆ. ಹೆಸರು ಹೇಳುತ್ತಿರಲಿಲ್ಲ, ನನ್ನ ಅತ್ತೆ ಎನ್ನುತ್ತಿದ್ದೆ. ನನಗೆಷ್ಟು ಅತ್ತೆಯರಿದ್ದಾರೆ? ನಮ್ಮ ಕಡೆಯ ಬೇರೆ ಹೋಟೆಲಿನವರ ಮನೆಯ ಸೊಸೆಯರೂ ಬರುತ್ತಿದ್ದುದರಿಂದ ಕಥೆ ಊರೆಲ್ಲ ಸುತ್ತಿ ಮನೆಗೆ ವಾಪಸು ಬಂತು. ಮನೆಯ ಮರ್ಯಾದೆ ಬೀದಿಗೆ ತಂದೆ ಎಂದು ಅತ್ತೆ ಎರಡು ದಿನ ಊಟ ಬಿಟ್ಟರು. ಹಾಗಾದರೆ ಅದು ಸುಳ್ಳೆಂದು ಹೇಳಿ ಎಂದೆ. ಅವರು ಸುಳ್ಳೆನ್ನಲಿಲ್ಲ, ನಿಜವೆಂದೂ ಹೇಳಲಿಲ್ಲ. ಮೂರನೇ ದಿನ ಉಪ್ಪಿಟ್ಟು ತಿಂದರು.

ಅಷ್ಟರಲ್ಲಿ ವಿದ್ಯಾಳಿಗೆ ಮೈಸೂರಿನಲ್ಲೇ ಮದುವೆಯಾಗಿತ್ತು, ೨೦೦೬ರಲ್ಲಿ ಬಸುರಿಯಾದಳು. ಮೈಸೂರಿನಿಂದ ಏಳನೇ ತಿಂಗಳಿನಲ್ಲಿ ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಎಂಟು ಬಿದ್ದು ವಾರವಾಗಿತ್ತು. ಒಂದು ಸೋಮವಾರ ಅವಳು ದೋಸೆ ಮುರಿಯುತ್ತಿದ್ದಾಗ ಉಂಗುರದ ಎರಡೂ ಬದಿಯಲ್ಲಿ ಮಾಂಸ ಉಬ್ಬಿದ್ದನ್ನು ನೋಡಿದೆ. ಎಷ್ಟು ಹುಡುಗಿಯರ ಬೆರಳು ನೋಡಿದವಳು ನಾನು, ನನಗೆ ಎರಡನೇ ಸಲ ನೋಡಬೇಕಾಗಿರಲಿಲ್ಲ.

ಇನ್ನು ಬರೆಯುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಸುಮ್ಮನಿದ್ದೆ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಅತ್ತೆ ತಾವಾಗಿಯೇ ಬಂದು ಕೇಳಲಿ ಎಂದು ಕಾದೆ. ಕೇಳದಿದ್ದರೆ ಏನಾಗುತ್ತದೆ ಎಂಬುದು ಈ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ವಿದ್ಯಾಳ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ಅವಳು ತಲೆನೋವು ಎಂದರೆ ಮಾತ್ರ ಆ ಕ್ಷಣ ಬಾಯಿ ಬಿಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಬಿಡುತ್ತಿದ್ದೆನೇ? ಬಿಡುತ್ತಿದ್ದೆ ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ.

ಗುರುವಾರ ಸಂಜೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನನ್ನನ್ನು ನೋಡದೆ ಕೇಳಿದರು. "ಶನಿವಾರ ವಿದ್ಯಾಳನ್ನು ನಿನ್ನ ಕ್ಲಾಸಿಗೆ ಕರ್ಕೊಂಡು ಹೋಗ್ತೀಯಾ? ಅವಳ ಕೈ ಯಾಕೋ ಊದಿದ ಹಾಗೆ ಉಂಟು."

ಐದು ವರ್ಷ ಇದಕ್ಕೇ ಕಾದಿದ್ದೆ. ಎಂಟರಲ್ಲಿ ಹೊಸಿಲು ದಾಟಬಹುದೇ ಅತ್ತೆ ಎಂದು ಆದಷ್ಟು ಮೆತ್ತಗೆ ಕೇಳಿದೆ. ಅವರ ಮುಖ ಕೆಂಪಾಯಿತು. ಅದು ಗಂಡನ ಮನೆಯಲ್ಲಿದ್ದರೆ ಮಾತ್ರ, ತವರಿನಲ್ಲಿ ಅಷ್ಟು ಲೆಕ್ಕವಿಲ್ಲ ಎಂದರು. ಅಂಥ ಶಾಸ್ತ್ರವನ್ನು ನಾನು ಎಲ್ಲೂ ಕೇಳಿಲ್ಲ, ಅವರೂ ಆ ಬಾಗಿಲಿನಲ್ಲಿ ನಿಂತೇ ಹೊಸದಾಗಿ ಕಟ್ಟಿದ್ದು. ಸೊಸೆಗೆ ಕಲ್ಲಿನ ಹಾಗಿದ್ದ ಹೊಸಿಲು ಮಗಳಿಗೆ ಹೇಗೆ ಸವೆಯಿತು ನೋಡಿ. ಕರೆದುಕೊಂಡು ಹೋಗುತ್ತೇನೆ, ಆದರೆ ನೀವೂ ಬರಬೇಕು, ಹೆರಿಗೆಗೆ ಜೊತೆಗಿರುವವರೂ ಕೂರಬೇಕೆಂಬುದು ಸಿಸ್ಟರ ನಿಯಮ ಎಂದೆ. ಅಂಥ ನಿಯಮವೂ ಎಲ್ಲೂ ಇರಲಿಲ್ಲ. ನಾನೂ ಅಲ್ಲೇ ನಿಂತು ಕಟ್ಟಿದೆ. ನಾಲ್ಕು ದಿನ ಕಾದವಳಿಗೆ ಇನ್ನು ಶನಿವಾರದವರೆಗೆ ಕಾಯಲು ಆಗಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ವಿದ್ಯಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಿ.ಪಿ. ಏರತೊಡಗಿತ್ತು. ಮಾತ್ರೆ ಕೊಟ್ಟು, ಎರಡು ದಿನಕ್ಕೊಮ್ಮೆ ಬನ್ನಿ, ಒಳ್ಳೆಯ ಹೊತ್ತಿಗೆ ತಂದಿರಿ ಎಂದರು. ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನು ಕೇಳಿದರು.

ಶನಿವಾರ ವಿದ್ಯಾಳನ್ನು ಮನೆಯಲ್ಲಿ ಮಲಗಿಸಿ, ಮಾಮಿಯನ್ನು ಅವಳ ಹತ್ತಿರ ಕೂರಿಸಿದೆವು. ಅತ್ತೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಸೀರೆ ಬದಲಿಸಿ ಬಂದು ಆಟೋದಲ್ಲಿ ಕೂತರು. ಸಿಸ್ಟರ್ ಮನೆಯ ಹಾಲಿನ ಹಿಂದಿನ ಗೋಡೆಗೆ ಒರಗಿ, ಹನ್ನೊಂದು ಬಸುರಿಯರ ಹಿಂದೆ ಒಂದು ಸ್ಟೂಲಿನ ಮೇಲೆ ಕೂತರು. ಸಿಸ್ಟರ್ ನನ್ನ ಮುಖ ನೋಡಿದರು. ನಾನು ಶುರು ಮಾಡಿದೆ.

ಯಾವತ್ತೂ ಹೇಳದಷ್ಟು ಚೆನ್ನಾಗಿ ಹೇಳಿದೆ. ಒಗ್ಗರಣೆಯ ಸದ್ದನ್ನೂ ಬಿಡಲಿಲ್ಲ. ಫೋನಿನ ಮಾತು ಬಂದಾಗ ಒಬ್ಬಳು, ಆ ಹೆಂಗಸಿನ ಬಾಯಿಗೆ ಹುಳ ಬೀಳಲಿ ಎಂದಳು. ಇನ್ನೊಬ್ಬಳು, ಅವಳೂ ಒಬ್ಬ ತಾಯಿಯಾ ಎಂದಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಮುಂದಿನ ಚಾಪೆಯ ಹುಡುಗಿ ಕೇಳಿದಳು, ಆ ಅತ್ತೆ ಈಗ ಎಲ್ಲಿದ್ದಾರೆ ಅಕ್ಕಾ ಎಂದು. ನಾನು ತಲೆ ಎತ್ತಿದೆ. ಬೆರಳು ತೋರಿಸುವುದೊಂದು ಬಾಕಿ.

ಅಷ್ಟರಲ್ಲಿ ಅವರೇ ಎದ್ದು ನಿಂತರು.

"ಅಂದ ಮಾಮಿಯಾರ್ ನಾನ್ದಾನ್," ಎಂದರು. ಆ ಅತ್ತೆ ನಾನೇ. ಗಟ್ಟಿ ಧ್ವನಿ, ಅದೇ ಹೋಟೆಲಿನ ತಮಿಳು. ಹನ್ನೊಂದು ಕತ್ತುಗಳು ಹಿಂದಕ್ಕೆ ತಿರುಗಿದವು. ಅವಳು ಒಳಗೇ ಇದ್ದಳು, ಊರಿಗೆ ಹೋದಳು ಎಂದು ಹೇಳಿದ್ದು ನಾನು, ಕ್ಲಾಸಿಗೆ ಹೋಗಿ ಹೆದರಿದಳು ಎಂದು ಎಲ್ಲರಿಗೂ ಹೇಳಿದ್ದೂ ನಾನೇ ಎಂದರು.

ಮುಂದೆ ಆದದ್ದನ್ನು ನಾನು ಲೆಕ್ಕ ಹಾಕಿರಲಿಲ್ಲ. ಬಾಯಿಗೆ ಹುಳ ಬೀಳಲಿ ಎಂದವಳೇ ಭಾರದ ಹೊಟ್ಟೆ ಹಿಡಿದುಕೊಂಡು ಎದ್ದು ಹೋಗಿ ಅವರನ್ನು ಕೂರಿಸಿದಳು. ಇನ್ನೊಬ್ಬಳು ನೀರು ಕೊಟ್ಟ ಮೇಲೆ ಒಬ್ಬೊಬ್ಬರೇ ಸುತ್ತ ಸೇರಿದರು. ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು ಅಜ್ಜಿ ಎಂದು ಅವರ ಬೆನ್ನು ಸವರಿದರು. ನಾನು ಹಾಲಿನ ಈ ಕೊನೆಯಲ್ಲಿ ಒಬ್ಬಳೇ ನಿಂತಿದ್ದೆ. ಕಣ್ಣು ಕಳೆದುಕೊಂಡವಳು ನಾನು, ಸಮಾಧಾನ ಅವರಿಗೆ. ಅಷ್ಟು ಸಿಟ್ಟು ನನಗೆ ಆಸ್ಪತ್ರೆಯ ಮಂಚದಲ್ಲೂ ಬಂದಿರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅತ್ತೆ ಕನ್ನಡದಲ್ಲಿ ಕೇಳಿದರು. "ಈಗ ಸಾಕಾ?"

"ಮುಂದಿನ ತಿಂಗಳು ಬೇರೆ ಹುಡುಗಿಯರು ಬರ್ತಾರೆ," ಎಂದೆ. "ಅವರಿಗೆ ಗೊತ್ತಿಲ್ಲವಲ್ಲ."

ವಿದ್ಯಾಳಿಗೆ ಸುಸೂತ್ರವಾಗಿ ಗಂಡು ಮಗುವಾಯಿತು. ಸುಧಾಕರನಿಗೆ ಅತ್ತೆಯೇ ಎಲ್ಲ ಹೇಳಿದರು. ಅವನು ನನ್ನ ಮುಂದೆ ಬಂದು ನಿಂತಾಗ, ಹೋಗಿ ಮೊದಲು ಬೂಟು ಬಿಚ್ಚು ಎಂದೆ. ಮಗಳು ಶಾಲೆಗೆ ಹೋಗುತ್ತಾಳೆ, ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಎದುರು ಮಾತಾಡುತ್ತಾಳೆ. ಸಿಸ್ಟರಿಗೆ ಮಂಡಿನೋವು, ಕ್ಲಾಸನ್ನು ಹೆಚ್ಚುಕಡಿಮೆ ನಾನೇ ನಡೆಸುತ್ತೇನೆ.

ಪ್ರತಿ ತಿಂಗಳೂ ಎಂಟನೇ ತಿಂಗಳ ಪಾಠದ ದಿನ ಅತ್ತೆಯನ್ನು ಅಡ್ಯಾರಿಗೆ ಕರೆದುಕೊಂಡು ಹೋಗುತ್ತೇನೆ. ಅವರು ಎದ್ದು ನಿಂತು, ನಾನೇ ಆ ಅತ್ತೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಅವರ ಮಾತು ಕೇಳಿ ಮನೆಯಲ್ಲಿ ಜಗಳವಾಡಿ ಆಸ್ಪತ್ರೆಗೆ ಹೋದ ಹುಡುಗಿಯರಿದ್ದಾರೆ, ಬಂದು ಅವರ ಕಾಲು ಮುಟ್ಟುತ್ತಾರೆ. ಅತ್ತೆ ಸೊಸೆ ಎಷ್ಟು ಹೊಂದಿಕೊಂಡಿದ್ದಾರೆ ಎಂದು ನೋಡಿದವರು ಅನ್ನುತ್ತಾರೆ. ಹೊಂದಿಕೊಂಡಿಲ್ಲ. ಅದು ನಾನು ಅವರಿಗೆ ವಿಧಿಸಿದ ಶಿಕ್ಷೆ, ಅವರಿಗೂ ಅದು ಗೊತ್ತು. ಬರುವುದಿಲ್ಲ ಎಂದು ಅವರು ಒಂದು ಸಲವೂ ಹೇಳಿಲ್ಲ. ಸಾಕು ಎಂದು ನಾನೂ ಒಂದು ಸಲವೂ ಹೇಳಿಲ್ಲ.